ಕಾಡು ನೋಡಲು ಹೋಗುವವರಿಗೆ ನಾಲ್ಕು ಮಾತು

ನಮ್ಮ ವಾಚನಾಲಯದ ಬೆಂಚಿನ ಮೇಲೆ ಕುಳಿತು ಊರಿನ ಪತ್ರಿಕೆ ಓದುವ ಮಿತ್ರರಲ್ಲಿ ಹೆಚ್ಚಿನವರು ವರ್ಷಕ್ಕೆ ಒಂದೋ ಎರಡೋ ಸಲ ಊರಿಗೆ ಹೋಗಿ ಬರುವವರೇ. ಸಂಜೆ ಬಸ್ಸು ಹತ್ತಿದರೆ ಬೆಳಗಾಗುವಾಗ ನಿಪ್ಪಾಣಿಯೋ ಬೆಳಗಾವಿಯೋ ಬಂದಿರುತ್ತದೆ. ನಡುವಿನ ಸಹ್ಯಾದ್ರಿಯನ್ನೆಲ್ಲ ನಾವು ನಿದ್ದೆಯಲ್ಲೇ ದಾಟಿರುತ್ತೇವೆ. ಇಪ್ಪತ್ತೆರಡು ವರ್ಷ ಹೀಗೆ ದಾಟಿದವನು ನಾನು. ಕಳೆದ ಡಿಸೆಂಬರ್ ರಜೆಯಲ್ಲಿ ಮೊದಲ ಸಲ, ಬಾಡಿಗೆ ಗಾಡಿಯೊಂದನ್ನು ಗೊತ್ತುಮಾಡಿಕೊಂಡು, ಮನೆಮಂದಿಯೊಡನೆ ಹಗಲು ಹೊತ್ತಿನಲ್ಲಿ ಪ್ರಯಾಣ ಮಾಡಿದೆ. ದಾಂಡೇಲಿಯ ಕಾಡು ನೋಡಬೇಕೆಂಬುದು ಮಕ್ಕಳ ಹಟ. ಅತ್ತೆಯವರೂ ಜೊತೆಗೆ ಬಂದರು. ಅವರು ಹುಟ್ಟಿದ್ದು ಆ ಕಡೆಯೇ. ಅದರ ವಿಷಯ ಮುಂದೆ ಹೇಳುತ್ತೇನೆ.

ಮುಂಬ್ರಾ, ಪನವೇಲ ದಾಟಿ ಘಾಟಿ ಏರಿ ಪುಣೆ, ಸಾತಾರೆ ಕಳೆದು ಕರಾಡಕ್ಕೆ ಬಂದಾಗ ಪಶ್ಚಿಮದ ಕಡೆ ನೀಲಿಯಾಗಿ ಕಾಣುವ ಬೆಟ್ಟಗಳ ಹಿಂದೆ ಕೊಯ್ನಾ ಜಲಾಶಯವಿದೆ. ಆ ನೀರನ್ನು ಬೆಟ್ಟದೊಳಗಿನ ಸುರಂಗಗಳ ಮೂಲಕ ಕೊಂಕಣದ ಕಡೆಗೆ ಇಳಿಸಿ 1960ರ ದಶಕದಿಂದ ವಿದ್ಯುತ್ತು ತೆಗೆಯುತ್ತಿದ್ದಾರೆ. ಜಲಾಶಯದ ಸುತ್ತಲಿನ ಕೊಯ್ನಾ ಅಭಯಾರಣ್ಯ ಮತ್ತು ದಕ್ಷಿಣದ ಚಾಂದೋಲಿ ರಾಷ್ಟ್ರೀಯ ಉದ್ಯಾನ ಕೂಡಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ವ್ಯತ್ಯಾಸವೇನೆಂದು ನಮ್ಮಲ್ಲಿ ಹಲವರು ಕೇಳುವುದುಂಟು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಅಲ್ಲಿಯ ಜನರ ಕೆಲವು ಹಕ್ಕುಗಳು ಉಳಿಯಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ಹೆಸರು ಉದ್ಯಾನವೆಂದಿದ್ದರೂ ಅದು ನಮ್ಮ ಹೂದೋಟದಂತಹ ಜಾಗವಲ್ಲ.

ಬೆಳಗಾವಿಯಲ್ಲಿ ರಾತ್ರಿ ತಂಗಿ ಮರುದಿನ ಖಾನಾಪುರದ ದಾರಿ ಹಿಡಿದೆವು. ಈ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಹುಬ್ಬಳ್ಳಿ-ಧಾರವಾಡದವರು ಕುಡಿಯುವ ನೀರು ಅವಳದೇ. ಹುಬ್ಬಳ್ಳಿಯ ಮಿತ್ರರೊಬ್ಬರಿಗೆ ಇದನ್ನು ಹೇಳಿದಾಗ "ಅಲ್ಲ, ನಮ್ಮ ನೀರು ಸವದತ್ತಿ ಡ್ಯಾಮಿಂದು" ಎಂದರು. ಡ್ಯಾಮಿಗೆ ನೀರು ಎಲ್ಲಿಂದ ಬಂತೆಂದು ಕೇಳಿದರೆ ನಕ್ಕುಬಿಟ್ಟರು. ನಮ್ಮೆಲ್ಲರ ಸ್ಥಿತಿಯೂ ಇದೇ. ನಲ್ಲಿಯವರೆಗೆ ನಮ್ಮ ಜ್ಞಾನ, ಹೆಚ್ಚೆಂದರೆ ಟಾಕಿಯವರೆಗೆ.

ಕಾಡು ನೀರನ್ನು ಹೇಗೆ ಕೊಡುತ್ತದೆ? ಮಳೆಯನ್ನು ತರುವುದು ಸಮುದ್ರದ ಗಾಳಿ, ಅದನ್ನು ತಡೆದು ಸುರಿಸುವುದು ಬೆಟ್ಟ. ಕಾಡಿನ ಕೆಲಸ ಅದಾದ ಮೇಲಿನದು. ಜೋರಾದ ಮಳೆ ಮೊದಲು ಎತ್ತರದ ಮರಗಳ ಎಲೆಯ ಮೇಲೆ, ಅಲ್ಲಿಂದ ಕೆಳಗಿನ ಗಿಡಗಳ ಮೇಲೆ, ಕೊನೆಗೆ ದರಕಿನ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಅದರ ರಭಸವೆಲ್ಲ ಇಳಿದಿರುತ್ತದೆ. ಕೊಳೆತ ಎಲೆಯ ಹಾಸು ನೀರನ್ನು ಹತ್ತಿಯಂತೆ ಹೀರುತ್ತದೆ. ಬೇರುಗಳು, ಇರುವೆ-ಗೆದ್ದಲು ಕೊರೆದ ಸಂದುಗಳು ಅದನ್ನು ಮಣ್ಣಿನ ಆಳಕ್ಕೆ ಇಳಿಸುತ್ತವೆ. ಜುಲೈಯಲ್ಲಿ ಇಳಿದ ನೀರು ತಿಂಗಳುಗಟ್ಟಲೆ ಒಳಗೇ ಜಿನುಗುತ್ತ ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಮರ ಕಡಿದ ಬೋಳುಗುಡ್ಡದ ಮೇಲೂ ಮಳೆ ಅಷ್ಟೇ ಬೀಳಬಹುದು. ಆದರೆ ಅದು ಮಣ್ಣನ್ನು ಕೊಚ್ಚಿಕೊಂಡು ಒಂದೇ ದಿನದಲ್ಲಿ ಹರಿದುಹೋಗಿ ಕೆಳಗಿನ ಆಣೆಕಟ್ಟಿನಲ್ಲಿ ಹೂಳು ತುಂಬುತ್ತದೆ. ಸಂಬಳ ಬಂದ ದಿನವೇ ಖರ್ಚುಮಾಡುವವನಿಗೂ ಪೋಸ್ಟಿನ ಪುಸ್ತಕದಲ್ಲಿ ಇಡುವವನಿಗೂ ಇರುವ ಅಂತರವೇ ಇದು.

ರಾಮನಗರ, ಜಗಲಬೇಟ ದಾಟಿ ಗಣೇಶಗುಡಿಗೆ ಬಂದೆವು. ಇಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರು ಎತ್ತರದ ಸೂಪಾ ಆಣೆಕಟ್ಟು ಇದೆ, ಮುಗಿದದ್ದು 1987ರಲ್ಲಿ. ಇದೇ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಮೆಟ್ಟಿಲಿಳಿಯುತ್ತ ಮತ್ತೆ ಮತ್ತೆ ವಿದ್ಯುತ್ತು ಕೊಟ್ಟು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಮಕ್ಕಳು ಅಷ್ಟು ನೀರನ್ನು ನೋಡಿ ಚಪ್ಪಾಳೆ ತಟ್ಟಿದರು. ಅತ್ತೆಯವರು ಮಾತ್ರ ಗಾಡಿಯಿಂದ ಇಳಿದು ಸುಮ್ಮನೆ ನಿಂತಿದ್ದರು.

"ಅಜ್ಜೀ, ನಿನ್ನ ಮನಿ ಎಲ್ಲಿತ್ತು?" ಎಂದು ಕಿರಿಯವಳು ಕೇಳಿದಳು.

"ಅಲ್ಲೇ, ನೀರಾಗ" ಎಂದರು.

ಸೂಪೆ ಎಂಬ ಊರು, ತಾಲೂಕಿಗೇ ತನ್ನ ಹೆಸರು ಕೊಟ್ಟ ಊರು, ಈ ಜಲಾಶಯದ ಅಡಿಯಲ್ಲಿದೆ. ಅಲ್ಲಿಯ ಜನರಲ್ಲಿ ಬಹಳ ಮಂದಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ಮುಂಜಾನೆ ನಾವು ಚಹ ಕುಡಿದು ಬಂದದ್ದು ಅದೇ ರಾಮನಗರದಲ್ಲಿ! ಅಲ್ಲಿ ಅತ್ತೆಯವರು ಬೀದಿಯ ಎರಡೂ ಕಡೆ ಯಾರನ್ನೋ ಹುಡುಕುವಂತೆ ನೋಡುತ್ತಿದ್ದುದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ನಿಸರ್ಗಕ್ಕೆ ಕೃತಜ್ಞರಾಗಿರಬೇಕು ಎಂದು ನಾವೆಲ್ಲ ಸುಲಭವಾಗಿ ಹೇಳುತ್ತೇವೆ. ಕೊಟ್ಟವರು ಯಾರೆಂದು ತಿಳಿಯದೆ ಹೇಳಿದ ಉಪಕಾರಸ್ಮರಣೆ ವಿಳಾಸವಿಲ್ಲದ ಕಾಗದದಂತೆ ಎಲ್ಲಿಗೂ ಮುಟ್ಟುವುದಿಲ್ಲ ಎಂದು ಆ ದಿನ ನನಗೆ ಅನ್ನಿಸಿತು. ಕಾಡು ಕೊಟ್ಟದ್ದು ನಿಜ. ಕಾಡಿನಲ್ಲಿದ್ದವರು ಬಿಟ್ಟುಕೊಟ್ಟದ್ದೂ ನಿಜ. ನಮ್ಮ ಕಾಗದವನ್ನೇ ತೆಗೆದುಕೊಳ್ಳಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಗಿರಣಿಗೆ ಈ ಕಾಡಿನ ಬಿದಿರೇ ಮೊದಲ ಆಹಾರ. ಉತ್ತರ ಕನ್ನಡದ ಮರಗಳು ಬೇಗ ಬೇಗನೆ ಉರುಳುತ್ತಿದ್ದಾಗ, 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಹಳ್ಳಿಗರು ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. ದೇವರ ಕಾಡಿನಲ್ಲಿ ಕೊಡಲಿ ಹಾಕಬಾರದೆಂದು ನಮ್ಮ ಹಿರಿಯರು ಇಟ್ಟುಕೊಂಡ ಕಟ್ಟಳೆಗೂ ಇದಕ್ಕೂ ಬಹಳ ದೂರವೇನಿಲ್ಲ. ಮರಾಠಿ ನೆರೆಹೊರೆಯವರು ಅದನ್ನೇ ದೇವರಾಯಿ ಎನ್ನುತ್ತಾರೆ.

ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಣಶಿ, ದಾಂಡೇಲಿ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಬಂತು. ಕುಳಗಿಯ ಹತ್ತಿರ ಬೆಳಗಿನ ಹೊತ್ತು ಮಂಗಟ್ಟೆ ಹಕ್ಕಿಯನ್ನು ಕಂಡೆವು. ದೊಡ್ಡ ಕೊಕ್ಕು, ಹಾರುವಾಗ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ. ಇದರ ಸಂಸಾರ ಕೇಳತಕ್ಕದ್ದು. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಗಾರೆ ಬಳಿದಂತೆ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟು, ಮೂರು ನಾಲ್ಕು ತಿಂಗಳು ಅಲ್ಲೇ ಇರುತ್ತದೆ. ಗಂಡು ದೂರದೂರ ತಿರುಗಿ ಅತ್ತಿ, ಆಲದ ಹಣ್ಣು ತಂದು ಒಂದೊಂದಾಗಿ ಆ ಸಂದಿನಲ್ಲಿ ಕೊಡುತ್ತದೆ. ಅದು ದಾರಿಯಲ್ಲಿ ಸತ್ತರೆ ಒಳಗಿನ ಸಂಸಾರದ ಗತಿ ಕಷ್ಟ. ಊರಿಗೆ ಹಣ ಕಳಿಸುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ತಿರುಗುವಾಗ ಅದು ಉದುರಿಸುವ ಬೀಜಗಳಿಂದಲೇ ಎಷ್ಟೋ ಮರಗಳು ಹುಟ್ಟುತ್ತವೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ದಾರಿಯಲ್ಲಿ ಕುಳಿತಿದ್ದ ಮಂಗಗಳಿಗೆ ಮಕ್ಕಳು ಬಾಳೆಹಣ್ಣು ಎಸೆದರು. ನಾನೂ ನಗುತ್ತ ಚೂಡಾ ಕೊಟ್ಟೆ. ಅರಣ್ಯ ರಕ್ಷಕರೊಬ್ಬರು ನಿಲ್ಲಿಸಿ, ಹೀಗೆ ರುಚಿ ಹತ್ತಿದ ಮಂಗಗಳು ಕಾಡು ಬಿಟ್ಟು ರಸ್ತೆಗೆ ಬಂದು ಗಾಲಿಯ ಕೆಳಗೆ ಸಾಯುತ್ತವೆಂದು ಹೇಳಿದರು. ನಾಚಿಕೆಯಾಯಿತು. ಕಾಡಿನ ಪ್ರಾಣಿಗೆ ನಮ್ಮಿಂದ ಬೇಕಾದದ್ದು ತಿಂಡಿಯಲ್ಲ, ದಾರಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ತಡೆದಿರುವುದು ಇದೇ ಕಾರಣಕ್ಕೆ. ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ ಇದೆ.

ಹಿಂತಿರುಗುವ ಮುನ್ನ ಒಂದು ಹಳ್ಳದ ಬಳಿ ಗಾಡಿ ನಿಲ್ಲಿಸಿದೆವು. ಆಣೆಕಟ್ಟಿನ ಮುಂದೆ ಕೈಮುಗಿಯದ ಅತ್ತೆಯವರು ಇಲ್ಲಿ ಚಪ್ಪಲಿ ಕಳಚಿ ಇಳಿದು, ಬೊಗಸೆಯಲ್ಲಿ ನೀರು ಕುಡಿದು, ಉಳಿದದ್ದನ್ನು ಹಳ್ಳಕ್ಕೇ ಬಿಟ್ಟು ಕೈಮುಗಿದರು.

ಕಳವೆಗೆ ಬಂದ ಮರುದಿನ ಬೆಳಿಗ್ಗೆ ನಲ್ಲಿಗೆ ನೀರು ಬಂತು. ಕೊಡ ತುಂಬುತ್ತ ಅತ್ತೆಯವರು "ಇದು ಯಾವ ಹೊಳೀ ನೀರು?" ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಕುಡಿದ ನನಗೆ ಗೊತ್ತಿರಲಿಲ್ಲ. ವಿಚಾರಿಸಿ, ಠಾಣೆ ನಗರಕ್ಕೆ ಭಾತ್ಸಾ ಮತ್ತು ಉಲ್ಲಾಸ ನದಿಗಳಿಂದ ನೀರು ಬರುತ್ತದೆಂದೂ ಶಹಾಪುರ ತಾಲೂಕಿನಲ್ಲಿ ಭಾತ್ಸಾ ನದಿಗೆ ದೊಡ್ಡ ಆಣೆಕಟ್ಟು ಇದೆಯೆಂದೂ ಸಂಜೆ ತಿಳಿಸಿದೆ.

"ಅಲ್ಲೂ ಊರು ಮುಳುಗ್ಯಾವೇನು?"

"ಹೌದು, ಮುಳುಗಿವೆ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಮ್ಮಿ ಅಲ್ಲಿಗೂ ಹೋಗಿ ಬರೋಣು" ಎಂದರು.