‘ಖಾಲಿ ಐತೆ’ ಅನ್ನೋ ಬಂದೂಕು

ಚುನಾವಣೆ ಘೋಷಣೆಯಾದರೆ ನಮ್ಮ ಕಡೆ ಅಟ್ಟದ ಮೇಲಿನ ಬಂದೂಕುಗಳು ಕೆಳಗಿಳಿಯುತ್ತವೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರು ಅವನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಲೋಕಸಭೆ. ವರ್ಷ ತುಂಬುವುದರೊಳಗೆ ಎರಡು ಸಲ ಈ ಓಡಾಟ ಆಯಿತು. ಕುರುಗೋಡಿನ ಗುಡ್ಡದಂಚಿನ ಮೆಕ್ಕೆಜೋಳದವರು, ಸಿರುಗುಪ್ಪದ ಗದ್ದೆಯವರು, ಬಳ್ಳಾರಿ ಪೇಟೆಯಲ್ಲಿ ಪಿಸ್ತೂಲು ಇಟ್ಟುಕೊಂಡವರು, ಎಲ್ಲರದೂ ಒಂದೇ ಮಾತು: “ಖಾಲಿ ಐತೆ ಬಿಡಪ್ಪ.”

ಈ ಮಾತನ್ನು ನಾನು ನಂಬುವುದಿಲ್ಲ. ನಮ್ಮ ಪಕ್ಕದ ಊರಿನ ಹಿರಿಯರೊಬ್ಬರ ಕೇಪಿನ ಬಂದೂಕು ಟ್ರೇಲರ್‌ಗೆ ಒರಗಿಸಿದ್ದು ಜಾರಿ ಬಿತ್ತು. ಕುದುರೆ, ಅಂದರೆ ಕೇಪಿನ ಮೇಲೆ ಬಡಿಯುವ ತುಂಡು, ಕಲ್ಲಿಗೆ ತಾಗಿತು. ಹಿಂದಿನ ಸುಗ್ಗಿಯಲ್ಲಿ ಹಂದಿ ಬೆದರಿಸಲು ತುಂಬಿದ್ದ ಮದ್ದು ಹಾಗೇ ಇತ್ತು. ಚೆರೆಗಳು ಮೊಮ್ಮಗನ ಮೀನಖಂಡ ಹೊಕ್ಕವು. ಹುಡುಗ ಈಗಲೂ ಕುಂಟುತ್ತಾನೆ. “ನಾನೇ ಖಾಲಿ ಮಾಡಿದ್ನಲ್ಲ” ಎಂದು ಆ ಯಜಮಾನರು ಇವತ್ತಿಗೂ ಹೇಳುತ್ತಾರೆ.

ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನ ಕಷ್ಟವೇ ಇದು. ಮಡಚಿ ಒಳಗೆ ನೋಡುವಂತಿಲ್ಲ. ಆದರೆ ತಿಳಿಯುವ ದಾರಿಯೊಂದಿದೆ. ಬಂದೂಕು ನಿಜಕ್ಕೂ ಖಾಲಿ ಇದ್ದಾಗ ಮದ್ದು ಜಡಿಯುವ ಕೋಲನ್ನು ನಳಿಗೆಯ ತಳ ಮುಟ್ಟಿಸಿ, ಬಾಯಿಯ ಮಟ್ಟದಲ್ಲಿ ಕೋಲಿಗೆ ಒಂದು ಗುರುತು ಕೆತ್ತಿಡಿ. ಮುಂದೆ ಕೋಲು ಬಿಟ್ಟಾಗ ಆ ಗುರುತು ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಲೆಕ್ಕ. ಅಳೆಯುವ ಮೊದಲು ಕೇಪು ತೆಗೆದಿರಬೇಕು. ಬಾಯಿಯ ನೇರಕ್ಕೆ ಮುಖ, ಅಂಗೈ ಬರಬಾರದು.

ಒಳಗೆ ಮದ್ದಿದೆ ಎಂದು ಗೊತ್ತಾದರೆ ಕೆಲವರು ಹೊಲಕ್ಕೆ ಹೋಗಿ ಹೊಡೆದು ಖಾಲಿ ಮಾಡುತ್ತಾರೆ. ವರ್ಷಗಟ್ಟಲೆ ತುಕ್ಕು ಹಿಡಿದ ನಳಿಗೆ, ಮರೆತು ಎರಡು ಸಲ ಜಡಿದ ಮದ್ದು ಸೇರಿದರೆ ನಳಿಗೆಯೇ ಸಿಡಿಯುತ್ತದೆ. ನೀರು ಹೊಯ್ಯುವುದೂ ಭರವಸೆಯದಲ್ಲ, ಮದ್ದು ಒಣಗಿದರೆ ಮತ್ತೆ ಹತ್ತಬಹುದು. ಕೇಪು ತೆಗೆದು, ಠಾಣೆಗೆ ಮೊದಲೇ ಹೇಳಿ, ಬಂದೂಕು ರಿಪೇರಿ ಲೈಸೆನ್ಸ್ ಇದ್ದವರಿಂದಲೇ ತೆಗೆಸಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ತೋಟಾ ಬಂದೂಕಿನ ಕೆಲಸ ಹಗುರ. ಬಾಯಿ ಹೊಲದ ಮಣ್ಣಿನ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮಡಚಿ ತೋಟಾ ತೆಗೆಯಿರಿ. ಜೋಡುನಳಿಗೆಯಾದರೆ ಎರಡನ್ನೂ. ಹಿಂದಿನಿಂದ ನೋಡಿದಾಗ ನಳಿಗೆಯ ತುದಿಯಲ್ಲಿ ಬೆಳಕು ಕಾಣಬೇಕು. ಕತ್ತಲಾಗಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕುದುರೆ ಎತ್ತಿದ್ದರೆ ತೋಟಾ ತೆಗೆದ ಮೇಲಷ್ಟೇ ಇಳಿಸಿ. ತೋಟಾ ಒಳಗಿದ್ದಾಗ ಬೆವರಿನ ಹೆಬ್ಬೆರಳು ಜಾರಿದರೆ ಮುಗಿಯಿತು. ಪಿಸ್ತೂಲಿನವರು ಮೊದಲು ಮ್ಯಾಗಜಿನ್ ಕಳಚಬೇಕು, ಆಮೇಲೆ ನಳಿಗೆಯಲ್ಲಿ ಕೂತ ಗುಂಡು. ಈ ಕ್ರಮ ಹಿಂದುಮುಂದಾದರೆ ಹೊರಬಂದ ಗುಂಡಿನ ಜಾಗಕ್ಕೆ ಇನ್ನೊಂದು ಏರಿ ಕೂರುತ್ತದೆ.

ರಾತ್ರಿ ಕಾವಲಿನಲ್ಲಿ ಇನ್ನೊಂದು ತಾಪತ್ರಯ. ಸಿರುಗುಪ್ಪದ ಕಡೆ ಕಾಲುವೆ ದಾಟಬೇಕು, ಬದು ಜಾರುತ್ತದೆ. ದಾಟುವ ಮೊದಲು ತೋಟಾ ತೆಗೆದು ಜೇಬಿಗೆ ಹಾಕಿ. ಆಚೆ ಹೋಗಿ, ಬಾಯಿಗೆ ಕೆಸರು ಮೆತ್ತಿಲ್ಲ ಎಂದು ನೋಡಿದ ಮೇಲೆ ಬೇಕಿದ್ದರೆ ತುಂಬಿ. ಕೆಸರು ಕಟ್ಟಿದ ನಳಿಗೆಯೂ ಸಿಡಿಯುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ತಕ್ಷಣ ಮಡಚಬೇಡಿ. ಬಾಯಿಯನ್ನು ಅದೇ ದಿಕ್ಕಿಗೆ ಹಿಡಿದು ಅರವತ್ತರವರೆಗೆ ಎಣಿಸಿ. ತಡವಾಗಿ ಹಾರುವುದೂ ಉಂಟು.

ಮದುವೆ, ಜಾತ್ರೆಯಲ್ಲಿ ಗಾಳಿಗೆ ಹೊಡೆಯುವವರಿಗೂ ಒಂದು ಮಾತು. 2019ರ ತಿದ್ದುಪಡಿಯ ನಂತರ ಹಾಗೆ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಠಾಣೆಯಿಂದ ವಾಪಸ್ ತರುವಾಗ ಬಂದೂಕು ತಿಂಗಳುಗಟ್ಟಲೆ ಬೇರೆಯವರ ವಶದಲ್ಲಿದ್ದು ಬಂದಿರುತ್ತದೆ. ಅಲ್ಲೇ ಮಡಚಿ ನೋಡಿ, ಕೇಪಿನದಾದರೆ ಕೋಲು ಬಿಟ್ಟು ಅಳೆಯಿರಿ. ನಂಬರ್ ತಾಳೆ ನೋಡಿ ಆಮೇಲೆ ಸಹಿ ಹಾಕಿ.