ಪಿಕಪ್ ಚಕ್ರ ಗುಂಯ್ ಅಂದರೆ ಕಡೆಗಣಿಸಬೇಡಿ

ಎತ್ತಿನ ಗಾಡಿಗೆ ಕೀಲೆಣ್ಣೆ ತಪ್ಪಿದರೆ ಊರಿಗೆಲ್ಲ ಕೇಳುವಂತೆ ಕೂಗ್ತದೆ. ಪಿಕಪ್ ಹಾಗಲ್ಲ. ಬೇರಿಂಗ್ ಸವೆದರೆ ಮೊದಲು ಸಣ್ಣಗೆ ಗುಂಯ್ ಅನ್ನುತ್ತೆ, ಅಷ್ಟೆ. ಹಾಗೇ ಓಡಿಸಿದರೆ ಬೇರಿಂಗ್ ಕಾದು ಒಡೆದು, ಶೇಂಗಾ ಲೋಡಿನಲ್ಲಿ ಚಕ್ರವೇ ಕಳಚೀತು. ನಮ್ಮ ಕಡೆಯ ಕೆಮ್ಮಣ್ಣಿನ ದೂಳು, ಹಳ್ಳದ ನೀರು ಎರಡೂ ಬೇರಿಂಗಿಗೆ ಶತ್ರು. ನಮ್ಮದು ಹಳೇ ಗಾಡಿ. ಮುಂದಿನ ಬೇರಿಂಗ್ ನಾನೇ ಬದಲಾಯಿಸ್ತೀನಿ.

ಪತ್ತೆ ಹೇಗೆ?

ವೇಗ ಹೆಚ್ಚಿದಂತೆ ಸದ್ದೂ ಹೆಚ್ಚುತ್ತದೆ. ನ್ಯೂಟ್ರಲ್ ಮಾಡಿದರೂ ನಿಲ್ಲದಿದ್ದರೆ ಅದು ಇಂಜಿನ್ನಿನದ್ದಲ್ಲ. ರಸ್ತೆ ಬದಲಾದಂತೆ ಸದ್ದು ಬದಲಾದರೆ ಟೈರಿನದಿರಬಹುದು. ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಹೆಚ್ಚಾಗಿ ಎಡ ಚಕ್ರದ್ದು. ಭಾರ ಆ ಕಡೆ ಬೀಳ್ತದಲ್ಲ.

ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ.

ಬದಲಾಯಿಸುವುದು

ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಚಕ್ರ ತೆಗೆದ ಮೇಲೆ ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ, ಪೈಪಿನಲ್ಲಿ ಜೋತಾಡಬಾರದು. ಮುಚ್ಚಳ, ಸ್ಪ್ಲಿಟ್ ಪಿನ್, ನಟ್ಟು, ವಾಷರ್, ಹೊರ ಬೇರಿಂಗ್ ತೆಗೆದು ಹಬ್ ಎಳೆಯಿರಿ. ಹಿಂಬದಿ ಆಯಿಲ್ ಸೀಲ್, ಒಳ ಬೇರಿಂಗ್ ಇರ್ತವೆ. ಹಬ್ಬಿನೊಳಗಿನ ಕಪ್ಪನ್ನು ಹಿತ್ತಾಳೆ ಸರಳಿನಿಂದ ಸುತ್ತಲೂ ಸಮನಾಗಿ ಬಡಿದು ಬಿಡಿಸಿ. ಹಬ್ಬನ್ನು ಡೀಸೆಲ್‌ನಲ್ಲಿ ತೊಳೆದು ಒರೆಸಿ. ಅಚ್ಚು ನೀಲಿಗಟ್ಟಿದ್ದರೆ ಅಥವಾ ಗೀರು ಬಿದ್ದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಹಳೇ ಕಪ್ಪಿಗೆ ಹೊಸ ಬೇರಿಂಗ್ ಹಾಕಬಾರದು, ಅವು ಜೋಡಿ. ಹೊಸ ಕಪ್ ತಳಕ್ಕೆ ಕೂತಾಗ ಬಡಿತದ ಸದ್ದು ಗಟ್ಟಿಯಾಗ್ತದೆ. ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರ್‌ಗಳ ಸಂದಿನಿಂದ ಆಚೆ ಬರುವವರೆಗೆ ಒತ್ತಿ ತುಂಬಿ. ಸೀಲ್ ಹೊಸದೇ ಇರಲಿ.

ನಟ್ಟಿನಲ್ಲಿದೆ ಗುಟ್ಟು

ಹಬ್ ತಿರುಗಿಸ್ತಾ ನಟ್ಟು ಬಿಗಿ ಮಾಡಿ, ಮತ್ತೆ ಸಡಿಲಿಸಿ ಬೆರಳಲ್ಲಿ ಬಿಗಿಯುವಷ್ಟೇ ಬಿಗಿಯಿರಿ. ಗಾಡಿಯ ಪುಸ್ತಕದಲ್ಲಿ ಅಳತೆ ಇದ್ದರೆ ಅದೇ ಸರಿ. ಅತಿ ಬಿಗಿಯಾದರೆ ಬೇರಿಂಗ್ ಕಾಯುತ್ತೆ, ಸಡಿಲವಾದರೆ ಚಕ್ರ ಅಲ್ಲಾಡುತ್ತೆ. ಸ್ಪ್ಲಿಟ್ ಪಿನ್ ಎಂದರೆ ಗಾಡಿಯ ಕಡಾಣಿ ಇದ್ದಂಗೆ; ಹಳೇದು ಹಾಕಲೇಬಾರದು.

ಒಂದು ದಿನ ಓಡಿಸಿ ಮತ್ತೆ ಆಟ ನೋಡಿ. ಹಬ್ ಹತ್ತಿರ ಕೈ ಹಿಡಿದು, ಇನ್ನೊಂದು ಬದಿಗಿಂತ ಜಾಸ್ತಿ ಕಾದಿದೆಯಾ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೂ ಕಾಯುತ್ತೆ, ಅದನ್ನೂ ಪರೀಕ್ಷಿಸಿ.

ಕೆಲವು ಹೊಸ ಗಾಡಿಗಳಲ್ಲಿ ಬೇರಿಂಗ್ ಒಂದೇ ಗಡ್ಡೆಯಾಗಿ ಬರ್ತದೆ, ಕೂರಿಸಲು ಪ್ರೆಸ್ ಬೇಕಾಗಬಹುದು. ಅದನ್ನು ಗ್ಯಾರೇಜಿಗೇ ಕೊಡುವುದು ಮೇಲು. ಆದರೆ ಸದ್ದು ಗುರುತಿಸೋದು ಮಾತ್ರ ನಮ್ಮ ಕೆಲಸ. ಸುಗ್ಗಿಗೆ ಮೊದಲೇ ಒಮ್ಮೆ ನಾಲ್ಕೂ ಚಕ್ರ ಎತ್ತಿ ನೋಡಿಬಿಡಿ.