ಬ್ರೇಕ್ ಪೆಡಲ್ ಮೆತ್ತಗಾದಾಗ...

ಕಾರು ಹೊರಡದಿದ್ದರೆ ಆ ದಿನದ ಕೆಲಸ ಕೆಡುತ್ತದೆ, ಅಷ್ಟೆ. ಹೊರಟ ಕಾರು ನಿಲ್ಲದಿದ್ದರೆ? ಹಳೆಯ ಕಾರೊಂದನ್ನು ಮತ್ತೆ ರಸ್ತೆಗಿಳಿಸುವ ಉತ್ಸಾಹದಲ್ಲಿ ಬಹಳಷ್ಟು ಮಂದಿ ಮೊದಲು ಎಂಜಿನ್ನಿಗೆ, ಆಮೇಲೆ ಬಣ್ಣಕ್ಕೆ, ಕಟ್ಟಕಡೆಗೆ ಬ್ರೇಕಿಗೆ ಹಣ ಹಾಕುತ್ತಾರೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ.

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಲಿನ ಬಡಾವಣೆಗಳಲ್ಲಿ ಅಜ್ಜನ ಕಾಲದ ಅಂಬಾಸಡರನ್ನೋ ಅಪ್ಪನ ಪ್ರೀತಿಯ ಪ್ರೀಮಿಯರ್ ಪದ್ಮಿನಿಯನ್ನೋ ಷೆಡ್ಡಿನಲ್ಲಿ ಜೋಪಾನವಾಗಿಟ್ಟ ಮನೆಗಳು ಇಂದಿಗೂ ಇವೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪಡಿಯಚ್ಚಿನಂತಿದ್ದ ಅಂಬಾಸಡರ್‌ನ ತಯಾರಿಕೆ 1950ರ ದಶಕದ ಕೊನೆಯಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ಇಟಲಿಯ ಫಿಯೆಟ್ 1100ರ ವಂಶಕ್ಕೆ ಸೇರಿದ ಪದ್ಮಿನಿಯ ಕಥೆ 2000ದ ಆಸುಪಾಸಿನಲ್ಲೇ ಮುಗಿದಿತ್ತು. ಶ್ರೀರಂಗಪಟ್ಟಣದ ಬಳಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿಗಾಗಿ 2023ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯವನ್ನು ನೋಡಿ ಬಂದ ಮಕ್ಕಳು 'ನಮ್ಮ ಕಾರನ್ನೂ ಹಾಗೆ ಮಾಡೋಣ' ಎನ್ನುವುದು ಸಹಜವೇ. ಆದರೆ ವರ್ಷಗಟ್ಟಲೆ ನಿಂತ ಇಂಥ ಕಾರಿನ ಬ್ರೇಕ್ ಪೆಡಲನ್ನು ಒತ್ತಿದರೆ ಅದು ಹತ್ತಿಯ ದಿಂಬಿನಂತೆ ಮೆತ್ತಗೆ ಒಳಗೆ ಹೋಗುವುದುಂಟು. ಹೀಗೇಕೆ?

ಇದರ ಉತ್ತರ ಬಿಡಿಭಾಗಗಳ ಅಂಗಡಿಯಲ್ಲಿಲ್ಲ. ಅರ್ಧ ಭಾಗ ಪಿಯುಸಿ ಭೌತಶಾಸ್ತ್ರದ ಪಠ್ಯದಲ್ಲಿದೆ, ಉಳಿದರ್ಧ ಪೆಡಲಿನ ವರ್ತನೆಯಲ್ಲೇ ಇದೆ.

ಪಾಸ್ಕಲ್ ಕಲಿಸಿದ ಪಾಠ

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟ. ಇದೇ ತತ್ತ್ವವನ್ನು ನಾಲ್ಕೂ ಚಕ್ರಗಳ ಬ್ರೇಕಿಗೆ ಅಳವಡಿಸಿಕೊಂಡು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು 1921ರಲ್ಲಿ ಮಾರುಕಟ್ಟೆಗೆ ಬಂತು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಪ್ರತಿ ಚಕ್ರದ ವೀಲ್ ಸಿಲಿಂಡರನ್ನು ಮುಟ್ಟುತ್ತದೆ. ಅಲ್ಲಿನ ಪಿಸ್ಟನ್‌ಗಳು ಬ್ರೇಕ್ ಶೂಗಳನ್ನು ತಿರುಗುವ ಡ್ರಮ್ಮಿಗೆ ಒತ್ತುತ್ತವೆ.

ಒಂದು ಲೆಕ್ಕ ಮಾಡೋಣ. ಪಾದದ ಬಲ 20 ಕೆ.ಜಿ., ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡುತ್ತದೆ ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬೀಳುವ ಬಲ 100 ಕೆ.ಜಿ. ಪಿಸ್ಟನ್ನಿನ ವಿಸ್ತೀರ್ಣ 4 ಚದರ ಸೆಂ.ಮೀ. ಇದ್ದರೆ ದ್ರವದ ಒತ್ತಡ ಚದರ ಸೆಂ.ಮೀ.ಗೆ 25 ಕೆ.ಜಿ. ಇಷ್ಟು ಒತ್ತಡಕ್ಕೂ ದ್ರವ ಕುಗ್ಗುವುದಿಲ್ಲವೆಂದೇ ಹೇಳಬಹುದು. ಗಾಳಿ ಮಾತ್ರ ಹಾಗಲ್ಲ. ಬಾಯ್ಲನ ನಿಯಮದಂತೆ, ಕೊಳವೆಯೊಳಗೆ ಸಿಕ್ಕಿಕೊಂಡ 2 ಮಿಲಿಲೀಟರ್ ಗಾಳಿಯ ಗುಳ್ಳೆ ಈ ಒತ್ತಡದಲ್ಲಿ ಇಪ್ಪತ್ತಾರನೆಯ ಒಂದು ಭಾಗಕ್ಕೆ ಕುಗ್ಗಿಬಿಡುತ್ತದೆ. ಆ ಜಾಗವನ್ನು ತುಂಬಲು ಪಿಸ್ಟನ್ ಸುಮಾರು ಅರ್ಧ ಸೆಂ.ಮೀ., ಪೆಡಲು ಅದರ ಐದು ಪಟ್ಟು, ಅಂದರೆ ಹತ್ತಿರ ಹತ್ತಿರ ಎರಡೂವರೆ ಸೆಂ.ಮೀ. ಹೆಚ್ಚಾಗಿ ಚಲಿಸಬೇಕು. ಅರ್ಧ ಟೀ ಚಮಚಕ್ಕಿಂತ ಕಡಿಮೆ ಗಾಳಿ ಪೆಡಲಿನ ಒಂದು ಅಂಗುಲವನ್ನು ನುಂಗಿಹಾಕುತ್ತದೆ!

ಮೆತ್ತಗೆ ಎಂದರೆ ಎಷ್ಟು ಬಗೆ?

'ಪೆಡಲು ಮೆತ್ತಗಿದೆ' ಎಂದ ಕೂಡಲೇ 'ಏರ್ ತೆಗೆದರೆ ಸರಿಹೋಗುತ್ತದೆ' ಎನ್ನುವವರೇ ಹೆಚ್ಚು. ವಾಸ್ತವದಲ್ಲಿ ಮೆತ್ತಗಾಗುವುದರಲ್ಲೂ ಹಲವು ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ.

ಮೊದಲನೆಯದು, ಒತ್ತಿದಷ್ಟೂ ಸ್ಪಂಜಿನಂತೆ ಪುಟಿಯುವ ಪೆಡಲು. ಇಲ್ಲಿ ಗಾಳಿಯ ಮೇಲೆ ಸಂಶಯ ಪಡಬಹುದು. ಹಳೆಯದಾದ ರಬ್ಬರ್ ಹೋಸ್ ಪೈಪುಗಳು ಒತ್ತಡಕ್ಕೆ ಬಲೂನಿನಂತೆ ಉಬ್ಬಿದರೂ ಇದೇ ಅನುಭವವಾಗುತ್ತದೆ.

ಎರಡನೆಯದು, ಮೊದಲ ತುಳಿತಕ್ಕೆ ತಳದವರೆಗೆ ಹೋಗಿ, ಬೇಗ ಬೇಗ ಎರಡು ಮೂರು ಬಾರಿ ತುಳಿದರೆ ಮೇಲಕ್ಕೆ ಬಂದು ಗಟ್ಟಿಯಾಗಿ ನಿಲ್ಲುವ ಪೆಡಲು. ಲೈನರ್ ಸವೆದು, ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಿರುವುದರ ಗುರುತು ಇದು. ಶೂಗಳ ಅಡ್ಜಸ್ಟರನ್ನು ತಿರುಗಿಸಿ ಅಂತರ ತಗ್ಗಿಸಿದರೆ ಸಾಕು. ಈ ತೊಂದರೆಗೆ ಎಷ್ಟು ಸಲ ಏರ್ ತೆಗೆದರೂ ಪ್ರಯೋಜನವಿಲ್ಲ. ಹಾಗೆ ತುಳಿದ ಮೇಲೂ ಪೆಡಲು ಪುಟಿಯುತ್ತಿದ್ದರೆ ಮಾತ್ರ ಗಾಳಿಯೂ ಇದೆ ಎಂದರ್ಥ.

ಮೂರನೆಯದು, ಮೊದಲು ಗಟ್ಟಿಯಾಗಿದ್ದು, ಒಂದೇ ಸಮನೆ ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುವ ಪೆಡಲು. ಇದು ಎಲ್ಲಕ್ಕಿಂತ ಅಪಾಯಕಾರಿ. ದ್ರವ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಡಬ್ಬಿಯಲ್ಲಿ ದ್ರವದ ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಹೊರಗಿದೆ. ಮಟ್ಟ ಇದ್ದಂತೆಯೇ ಇದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪುಗಳು ಸವೆದು ದ್ರವ ಒಳಗೊಳಗೇ ಹಿಂದಕ್ಕೆ ನುಸುಳುತ್ತಿದೆ ಎಂದು ತಿಳಿಯಬೇಕು.

ಅರ್ಧ ಮಾಡಿ ಹುಡುಕುವ ಉಪಾಯ

ಸೋರಿಕೆಯನ್ನು ಹುಡುಕಲು ಕಣ್ಣೇ ಮೊದಲ ಸಾಧನ. ಒಳಬದಿಯಲ್ಲಿ ಒದ್ದೆಯಾದ ಚಕ್ರ, ಕೊಳವೆಯ ಕೀಲುಗಳಲ್ಲಿ ಜಿನುಗು, ಮಾಸ್ಟರ್ ಸಿಲಿಂಡರಿನ ಹಿಂಬದಿಯ ರಬ್ಬರ್ ಟೊಪ್ಪಿಗೆಯ ಕೆಳಗಿನ ತೇವ, ಎಲ್ಲವನ್ನೂ ನೋಡಬೇಕು. ಕಾರನ್ನು ಜಾಕಿನ ಮೇಲಷ್ಟೇ ನಿಲ್ಲಿಸಿ ಕೆಳಗೆ ತೂರುವುದು ಸರ್ವಥಾ ಸಲ್ಲದು. ಗಟ್ಟಿಯಾದ ಸ್ಟ್ಯಾಂಡುಗಳು ಬೇಕೇ ಬೇಕು. ಡ್ರಮ್ ಬಿಚ್ಚಿದಾಗ ಕಾಣುವ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುತ್ತಿತ್ತು. ಆದ್ದರಿಂದ ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಕಣ್ಣಿಗೆ ಏನೂ ಸಿಗದಿದ್ದಾಗ ಅನುಭವಿ ಮೆಕ್ಯಾನಿಕ್‌ಗಳು ಮಾಡುವುದಿಷ್ಟು: ಸುಸ್ಥಿತಿಯಲ್ಲಿರುವ ಹೋಸ್ ಪೈಪುಗಳನ್ನೆಲ್ಲ ಅದಕ್ಕೆಂದೇ ಇರುವ ಕ್ಲಾಂಪುಗಳಿಂದ ಬಿಗಿದು ಪೆಡಲನ್ನು ಒತ್ತುತ್ತಾರೆ. ಪೆಡಲು ಕಲ್ಲಿನಂತೆ ನಿಂತರೆ ಮಾಸ್ಟರ್ ಸಿಲಿಂಡರ್ ನಿರ್ದೋಷಿ. ತಪ್ಪು ಚಕ್ರಗಳ ಕಡೆಗಿದೆ. ಆಮೇಲೆ ಒಂದೊಂದೇ ಕ್ಲಾಂಪನ್ನು ಸಡಿಲಿಸುತ್ತಾರೆ. ಯಾವುದನ್ನು ಬಿಟ್ಟಾಗ ಪೆಡಲು ಮೆತ್ತಗಾಯಿತೋ ದೋಷ ಅಲ್ಲಿ. ಬಿರುಕು ಬಿಟ್ಟ ಪೈಪಿಗೆ ಈ ಪರೀಕ್ಷೆ ಬೇಡ, ಅದನ್ನು ಬದಲಿಸುವುದೇ ಸರಿ. ಗಣಿತವಾಗಲಿ ಕಂಪ್ಯೂಟರ್ ಪ್ರೋಗ್ರಾಮಾಗಲಿ, ತಪ್ಪು ಹುಡುಕುವ ಬುದ್ಧಿವಂತಿಕೆ ಇದೇ ಅಲ್ಲವೇ? ಒಮ್ಮೆಗೆ ಒಂದನ್ನೇ ಬದಲಿಸಿ, ಫಲಿತಾಂಶ ನೋಡಿ, ಮುಂದಿನ ಹೆಜ್ಜೆ ಇಡುವುದು. ನಾಲ್ಕು ಭಾಗಗಳನ್ನು ಒಟ್ಟಿಗೆ ಬದಲಿಸಿದವನ ಕಾರು ಸರಿಯಾಗಬಹುದು. ಆದರೆ ಏನು ಕೆಟ್ಟಿತ್ತೆಂಬುದು ಅವನಿಗೆ ತಿಳಿದಿರುವುದಿಲ್ಲ.

ಗಾಳಿ ತೆಗೆಯುವ ಕ್ರಮ

ಗಾಳಿಯೇ ಕಾರಣವೆಂದು ಖಚಿತವಾದರೆ, ಮೊದಲು ಶೂಗಳನ್ನು ಹೊಂದಿಸಿ ಅನಂತರ ಗಾಳಿ ತೆಗೆಯಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ. ನಮ್ಮ ಬಲಬದಿ ಸ್ಟೀರಿಂಗಿನ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ, ಇದು ಕ್ರಮ. ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದೇ ಅಂತಿಮ. ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲು ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಪೆಡಲು ಮೇಲೇಳುವ ಮೊದಲೇ ಬಿಗಿಯಬೇಕು. ಗುಳ್ಳೆಗಳು ನಿಲ್ಲುವವರೆಗೆ ಇದೇ ಆವರ್ತನೆ. ನಡುವೆ ಡಬ್ಬಿ ಬರಿದಾದರೆ ಗಾಳಿ ಮತ್ತೆ ಒಳಸೇರಿ ಮಾಡಿದ್ದೆಲ್ಲ ವ್ಯರ್ಥ.

ಹಳೆಯ ಕಾರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಿಸ್ಟನ್ ದಿನನಿತ್ಯ ಓಡಾಡದ ಸಿಲಿಂಡರಿನ ತುದಿಭಾಗದಲ್ಲಿ ತುಕ್ಕು ಕುಳಿತಿರಬಹುದು. ಗಾಳಿ ತೆಗೆಯುವ ಭರದಲ್ಲಿ ಪೆಡಲನ್ನು ತಳಕ್ಕೆ ಗುದ್ದಿದರೆ ರಬ್ಬರ್ ಕಪ್ ಆ ತುಕ್ಕಿಗೆ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಡುವುದು ಇದಕ್ಕೆ ಸರಳ ಪರಿಹಾರ.

ಎಣ್ಣೆಯಲ್ಲದ 'ಆಯಿಲ್'

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ 'ಬ್ರೇಕ್ ಆಯಿಲ್' ಎಂದು ಕೇಳಿದರೂ ಕೈಗೆ ಸಿಗುವುದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಭಾಗಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಈ ದ್ರವ ಬಣ್ಣವನ್ನೂ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಬೇಕು.

ಇದಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಮಿತಿ 140 ಡಿಗ್ರಿ ಮಾತ್ರ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗಿ ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಬಂದರೆ ಡ್ರಮ್ಮುಗಳು ಕಾದು ಈ ದ್ರವ ಕುದಿಯಬಹುದು. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದ ಪೆಡಲು ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಮೆತ್ತಗಾಗುವ ನಾಲ್ಕನೆಯ ಬಗೆ ಇದು. ಪೆಡಲು ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಕಾರಣ ಬೇರೆ: ಕಾದ ಲೈನರ್ ತನ್ನ ಹಿಡಿತ ಕಳೆದುಕೊಂಡಿದೆ. ಎರಡನ್ನೂ ತಡೆಯುವ ದಾರಿ ಒಂದೇ, ಕೆಳಗಿನ ಗೇರಿನಲ್ಲಿ ಇಳಿಯುವುದು. ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯ ರೂಢಿ.

ಪೀಣ್ಯದಲ್ಲಿ ಪರಿಹಾರ

ತೇವ ಸೇರಿದ ದ್ರವ ವರ್ಷಗಟ್ಟಲೆ ನಿಂತರೆ ಎರಕದ ಕಬ್ಬಿಣದ ಸಿಲಿಂಡರಿನೊಳಗೆ ತುಕ್ಕಿನ ಗುಳಿಗಳು ಬೀಳುತ್ತವೆ. ಆಗ ಹೊಸ ರಬ್ಬರ್ ಕಿಟ್ ಹಾಕಿದರೂ ಬಹಳ ದಿನ ಬಾಳುವುದಿಲ್ಲ. ಹೊಸ ಸಿಲಿಂಡರ್ ಸಿಗದ ಮಾದರಿಗಳಿಗೆ ಹಳೆಯದನ್ನೇ ಕೊರೆದು ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಹಿತ್ತಾಳೆಯ ಸ್ಲೀವ್ ಕೂರಿಸಿ, ಮೊದಲಿನ ಅಳತೆಗೆ ತರುವುದುಂಟು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಅಳತೆಯ ಈ ಕೆಲಸಕ್ಕೆ ಬೇಕಾದ ಲೇತು, ಬೋರಿಂಗ್, ಹೋನಿಂಗ್ ಯಂತ್ರಗಳು ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಹೊಸತಲ್ಲ. ಅಂಬಾಸಡರಿನದು ಇಂಚಿನ ಲೆಕ್ಕದ ತಿರುಪು, ಪದ್ಮಿನಿಯದು ಮೆಟ್ರಿಕ್ ಎಂಬ ವ್ಯತ್ಯಾಸ ಐಟಿಐ, ಡಿಪ್ಲೊಮಾ ಓದುವವರಿಗೆ ಪುಸ್ತಕಕ್ಕಿಂತ ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ಪ್ರಾಣಕ್ಕೆ ಸಂಬಂಧಿಸಿದ ಈ ಕೆಲಸವನ್ನು ಬ್ರೇಕಿನ ಅನುಭವವಿರುವವರಿಗೇ ಒಪ್ಪಿಸಬೇಕು. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ಕಲಿಯಬೇಕು.

ಇದಕ್ಕೆ ಬಲವಾದ ಕಾರಣವಿದೆ. ಇಂದಿನ ಕಾರುಗಳಲ್ಲಿ ಬ್ರೇಕಿನ ಕೊಳವೆಜಾಲ ಎರಡು ಪ್ರತ್ಯೇಕ ಪಾಲಾಗಿರುತ್ತದೆ. ಒಂದು ಸೋರಿದರೂ ಇನ್ನೊಂದು ಕೆಲಸ ಮಾಡುತ್ತದೆ. ಹಳೆಯ ಮಾದರಿಗಳು ಅನೇಕವುಗಳಲ್ಲಿ ಜಾಲ ಒಂದೇ. ಒಂದು ಚಕ್ರದ ಒಂದು ರಬ್ಬರ್ ಕಪ್ ಹರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಆಗ ಉಳಿಯುವುದು ತಂತಿಯಿಂದ ನಡೆಯುವ ಕೈ ಬ್ರೇಕು ಮಾತ್ರ. ಅದೂ ಬಹುಕಾಲ ಬಳಸದೆ ಜಡ್ಡುಗಟ್ಟಿದ್ದರೆ?

'ಕೆಟ್ಟ ಮೇಲೆ ಬುದ್ಧಿ ಬಂತು' ಎಂಬ ಗಾದೆಗೆ ಬ್ರೇಕಿನ ವಿಷಯದಲ್ಲಿ ಅವಕಾಶವೇ ಇರಬಾರದು. ದುರಸ್ತಿ ಮುಗಿದ ಮೇಲೆ ಕಾರನ್ನು ನೇರವಾಗಿ ತುಮಕೂರು ರಸ್ತೆಗೆ ತರುವ ಆತುರ ಬೇಡ. ನಿಂತಲ್ಲೇ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ನಾಲ್ಕೂ ಚಕ್ರಗಳ ಬಳಿ ಬಗ್ಗಿ ನೋಡಬೇಕು, ಡಬ್ಬಿಯ ಮಟ್ಟ ಪರೀಕ್ಷಿಸಬೇಕು. ಸಮತಟ್ಟಾದ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ಕಾಲಿನ ಬ್ರೇಕನ್ನೂ ಕೈ ಬ್ರೇಕನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ಮಗ ಅಥವಾ ಮಗಳು ಎಷ್ಟೇ ಅವಸರ ಮಾಡಲಿ, ಪೆಡಲು ಆ ಒಂದು ನಿಮಿಷ ಕದಲದೆ ನಿಂತ ಮೇಲೆಯೇ ಹೆತ್ತವರು ಗೇಟು ತೆರೆಯುವುದು ಒಳಿತು.